ಓದುದನಿಯ ಇನ್‌ಸ್ಟಾಲರ್ ಬಗ್ಗೆ, ಸುಮಿತ್ರಾ ಕಟ್ಟೀಮನಿಯವರಿಗೆ

ಗದಗ,
ಫೆಬ್ರವರಿ ಮೂವತ್ತು, ೨೨೯೧

ಸುಮಿತ್ರಾ ಅವರಿಗೆ ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಉಳಿದ ತಿಂಗಳುಗಳ ಹಾಗೆ ಪಾಪದ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಕೇಳಿ ಕೇಳಿ ಕಲಿತದ್ದು. ಇದು 'ಕದತಡೆ' ಪತ್ರ. ಹಿಂದಿನ ಕಾಲದವರು ಯಾವುದಾದರೂ ಬಾಗಿಲು ಮುಚ್ಚಲು ಹೊರಟಾಗ ಬೇಡವೆಂದು ಬರೆದು ಕೇಳಿಕೊಳ್ಳಲು ನಮಗೆ ಅನುಮತಿಯಿದೆ. ಜೀವಮಾನಕ್ಕೆ ಒಂದೇ ಪತ್ರ. ನನ್ನದು ನಿಮಗೆ.

ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಕಣ್ಣಿಲ್ಲದವರಿಗೆ ಕನ್ನಡದಲ್ಲಿ ಓದಿ ಹೇಳುವ 'ಓದುದನಿ'ಯನ್ನು ನೀವೂ ಗೆಳೆಯರೂ ಬಿಡುವಿನಲ್ಲಿ ಕಟ್ಟಿ ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದೀರಿ. ಈಗ ಅದನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿಕೊಡುವ ಇನ್‌ಸ್ಟಾಲರ್ ಕೆಟ್ಟಿದೆ. ನಿಮ್ಮಲ್ಲಿ ಯಾರೂ ವಿಂಡೋಸ್ ಬಳಸುವವರಲ್ಲ. ಅದರ ಹೆಸರೆತ್ತಿದರೆ ಮೂಗು ಮುರಿಯುವವರೇ ಹೆಚ್ಚು. ಇನ್ನು ಮುಂದೆ ವಿಂಡೋಸ್ ಆವೃತ್ತಿ ಇರುವುದಿಲ್ಲ ಎಂಬ ಪ್ರಕಟಣೆಯನ್ನು ಟೈಪ್ ಮಾಡಿಟ್ಟಿದ್ದೀರಿ, ಕಳುಹಿಸುವುದೊಂದೇ ಬಾಕಿ. ನಿಮ್ಮನ್ನು ಬೈಯಲಾರೆ. ಸಂಬಳವಿಲ್ಲದ ಕೆಲಸ, ಅದರ ಮೇಲೆ ದೂರು ಬೇರೆ. ನಾನಾಗಿದ್ದರೆ ಎಂದೋ ಕೈಚೆಲ್ಲಿ ಕೂರುತ್ತಿದ್ದೆ.

ಆದರೆ ಶಿವಲೀಲಾ ಬಡಿಗೇರರ ಸಂದೇಶವನ್ನು ಇನ್ನೊಮ್ಮೆ ಓದಿ. ಗದಗಿನ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣು ಕಾಣದು. "ಅಕ್ಕಾರ, ಇನ್‌ಸ್ಟಾಲ್ ಎಲ್ಲಾ ಮುಗೀತು ಅಂತ ಬಂದೈತಿ ಅಂತ ಬಾಜೂದವ್ರು ಓದಿ ಹೇಳಿದ್ರು. ಆದ್ರ ದನೀನ ಬರವಲ್ದು. ಹೊಸಾ ಸಾಹೇಬ್ರು ನಂಬರೆಲ್ಲಾ ಕಂಪ್ಯೂಟರ್‌ನ್ಯಾಗ ಹಾಕ್ಯಾರ್ರಿ. ಇದು ಮಾತಾಡ್ಲಿಲ್ಲ ಅಂದ್ರ ನನ್ನ ಕುರ್ಚಿ ಬ್ಯಾರೆದವ್ರಿಗೆ ಹೋಗ್ತೈತ್ರಿ."

ಇನ್‌ಸ್ಟಾಲರ್ ತಯಾರಾದ ಬಿಲ್ಡ್ ವರದಿಯನ್ನು ನೀವು ನೋಡಿದಿರಿ, ಎಲ್ಲ ಸರಿಯಿದೆ ಎಂಬ ಹಸಿರು ಗುರುತಿತ್ತು. ಗೆಳೆಯರೊಬ್ಬರು ಎರವಲು ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿ, ಪರದೆಯಲ್ಲಿ 'ಮುಗಿಯಿತು' ಎಂದು ಬಂದದ್ದನ್ನೂ ಕಂಡು, ದೋಷವೇ ಸಿಗಲಿಲ್ಲವೆಂದರು. ಓದುದನಿ ವಟವಟ ಎನ್ನುತ್ತದೆಂದು ಎಲ್ಲರೂ ಸದ್ದು ಮ್ಯೂಟ್ ಮಾಡಿಕೊಂಡಿದ್ದಿರಿ! ಕಿವಿಗೆಂದು ಮಾಡಿದ್ದನ್ನು ಕಣ್ಣಿನಿಂದ ಪರೀಕ್ಷಿಸಿದಿರಲ್ಲ ತಾಯಿ. ಫೋಲ್ಡರುಗಳನ್ನು ಒಪ್ಪಮಾಡುವಾಗ ದನಿಯ ಫೈಲುಗಳನ್ನು ಬೇರೆಡೆಗೆ ಸಾಗಿಸಿದ್ದೀರಿ. ಫೈಲುಗಳನ್ನು ಕೂಡಿಸಿ ಇನ್‌ಸ್ಟಾಲರ್ ಕಟ್ಟುವ ಬಿಲ್ಡ್ ಸ್ಕ್ರಿಪ್ಟ್ ಇನ್ನೂ ಹಳೆಯ ಜಾಗದಲ್ಲೇ ಹುಡುಕಿ, ಸಿಗದಿದ್ದರೂ ತೆಪ್ಪಗೆ ಮುಂದೆ ಹೋಗುತ್ತಿದೆ. ಇನ್‌ಸ್ಟಾಲರಿನೊಳಗೆ ದನಿಯೇ ಇಲ್ಲ. ಒಂದು ಸಾಲು ತಿದ್ದಿದರಾಯಿತು.

ನಮ್ಮಲ್ಲಿ ಬಿಡುಗಡೆಗೆ ಮುಂಚೆ 'ಕಣ್ಣಾಮುಚ್ಚಾಲೆ' ನಡೆಯುತ್ತದೆ. ಕಟ್ಟಿದವರು ಕಣ್ಣಿಗೆ ಬಟ್ಟೆ ಬಿಗಿದುಕೊಂಡು, ಬೇರೆ ಯಾರದೋ ಕಂಪ್ಯೂಟರಿನಲ್ಲಿ ತಮ್ಮ ತಂತ್ರಾಂಶವನ್ನು ತಾವೇ ಹಾಕಿ ತೋರಿಸಬೇಕು. ಓಣಿಯವರೆಲ್ಲ ಮಿರ್ಚಿ ತಿನ್ನುತ್ತಾ ಸುತ್ತ ನಿಂತಿರುತ್ತಾರೆ, ತಡಕಾಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ದೊಡ್ಡ ದೊಡ್ಡವರ ಜಂಬ ಅಲ್ಲಿ ಇಳಿದದ್ದನ್ನು ನಾನೇ ಕೇಳಿದ್ದೇನೆ.

ಆ ಪ್ರಕಟಣೆಯನ್ನು ಅಳಿಸಿಬಿಡಿ. ಸಾಲು ತಿದ್ದಿ, ಶಿವಲೀಲಾ ಅವರಿಗೆ ಫೋನ್ ಮಾಡಿ. ದನಿ ಬಂತೆಂದು ಅವರು ಹೇಳುವವರೆಗೆ ಫೋನ್ ಇಡಬೇಡಿ. ನಮ್ಮ ಕಾಲದವರೆಗೆ ಉಳಿದು ಬಂದದ್ದು ಓದುದನಿಯ ಒಂದೇ ಒಂದು ಪ್ರತಿ, ಅವರ ಕಂಪ್ಯೂಟರಿನಲ್ಲಿದ್ದದ್ದು.

ನನಗೂ ಕಣ್ಣಿಲ್ಲ, ಸುಮಿತ್ರಾ ಅವರೇ. ಹೊರಗಿನ ಸದ್ದು ಬಾರದಿರಲೆಂದು ನೀವು ಕಂಬಳಿ ಹೊದ್ದು ರೆಕಾರ್ಡ್ ಮಾಡಿದ ನಿಮ್ಮದೇ ದನಿಯಲ್ಲಿ ನಾನು ಅಕ್ಷರ ಕಲಿತೆ. ಬರೆದು ಮುಗಿಸಿದ ಈ ಪತ್ರವನ್ನೂ ಈಗ ನೀವೇ ನನಗೆ ಓದಿ ಹೇಳುತ್ತಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ.

ನಿಮ್ಮ,
ನೀಲಾಂಬಿಕೆ