ಬಲತುದಿಯಲ್ಲಿ ಯಾರು?

ತಾಕೆನೊಶಿಮಾ ದ್ವೀಪ
ಮಾರ್ಚ್ 22, 1993

ಪ್ರೀತಿಯ ನನ್ನವರೇ,

ಆಪರೇಷನ್ ಆದ ಕಣ್ಣಿನ ನೋವು ಹೇಗಿದೆ? ನಿದ್ದೆ ಬರುತ್ತಿದೆಯೇ? ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ತಲೆ ಅಲ್ಲಾಡಿಸದೆ ಮಲಗುವುದು ನಿಮ್ಮಂಥವರಿಗೆ ಎಂಥ ಶಿಕ್ಷೆ ಎಂದು ಬಲ್ಲೆ. ಆಸ್ಪತ್ರೆಯ ಗಂಜಿ ಸಪ್ಪೆ ಎಂದು ಗೊಣಗಬೇಡಿ, ಅತ್ತೆ ಉಪ್ಪಿನಲ್ಲಿ ಹಾಕಿದ ಉಮೆ ಕಾಯಿ ಕಳಿಸಿದ್ದಾರೆ. ಈ ಪತ್ರ ಓದಿ ಹೇಳುತ್ತಿರುವ ನರ್ಸ್ ಕಾಜಿತಾನಿಯವರಿಗೆ ನನ್ನ ನಮಸ್ಕಾರ. ನರ್ಸಮ್ಮಾ, ಇವರು ‘ನಂಗೇನಾಗಿದೆ, ಗಟ್ಟಿಯಾಗೇ ಇದೀನಿ’ ಅಂದರೆ ಅರ್ಧದಷ್ಟು ಮಾತ್ರ ನಂಬಿ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಚಳಿಗಾಲವಿಡೀ ಏನು ಮಾಡಿದಿರಿ ನೀವು? ಸ್ಲೈಡುಗಳನ್ನು ದೀಪದ ಪೆಟ್ಟಿಗೆಯ ಮೇಲೆ ಹರಡಿಕೊಂಡು, ‘ನೋಡು, ಮತ್ತೆ ಬಲಗಡೆ ಕಪ್ಪು! ಲ್ಯಾಬಿನವರು ಕಣ್ಣು ಮುಚ್ಕೊಂಡು ತೊಳೀತಾರೆ’ ಎಂದು ಫುಕುಯಾಮದ ಲ್ಯಾಬಿಗೆ ಫೋನು ಮಾಡಿ ಕೂಗಾಡಿದಿರಿ. ಆಮೇಲೆ ಲೆನ್ಸಿನ ತಪ್ಪು ಎಂದಿರಿ, ಆಮೇಲೆ ಫಿಲ್ಮು ಹಳಸಿದೆ ಎಂದಿರಿ. ಒಂದು ದಿನ ನಾನೇ ಬಗ್ಗಿ ನೋಡಿದರೆ ಎರಡೂ ತುದಿ ಒಂದೇ ಸಮ ಬೆಳಗುತ್ತಿದ್ದವು. ಕತ್ತಲೆ ಇದ್ದದ್ದು ನಿಮ್ಮ ಬಲಗಣ್ಣಿನಲ್ಲಿ. ಎಳೆದುಕೊಂಡು ಒನೊಮಿಚಿಯ ಈ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು, ‘ಇಷ್ಟು ದಿನ ಏನ್ಮಾಡ್ತಿದ್ರಿ? ಕಣ್ಣಿನ ಒಳಪದರ ಕಿತ್ಕೊಂಡ್ ಬಂದಿದೆ’ ಎಂದು ನನ್ನೆದುರಿಗೇ ಗದರಿದರು.

ಇನ್ನು ಊರಿನ ಸುದ್ದಿ. ಶಾಲೆ ಈ ವಾರ ಮುಚ್ಚುತ್ತದೆ. ಪ್ರತಿವರ್ಷ ಶಾಲೆಯಂಗಳದಲ್ಲಿ ನೀವು ತೆಗೆಯುತ್ತಿದ್ದ ಊರ ಫೋಟೋವನ್ನು ಈ ಕೊನೆಯ ವರ್ಷ ನಾನೇ ತೆಗೆಯಬೇಕಾಯಿತು. ಅದಕ್ಕೆ ಮೊದಲೇ ಒಂದು ಅನಾಹುತ ಆಯಿತು, ಕೋಪಿಸಿಕೊಳ್ಳಬೇಡಿ, ತಲೆ ಅಲ್ಲಾಡುತ್ತದೆ. ಮಂಗಳದ ಕೆಲಸಕ್ಕೆ ಎಲ್ಲವೂ ಚೊಕ್ಕಟವಾಗಿರಲಿ ಎಂದು ಅತ್ತೆ ಕ್ಯಾಮೆರಾದ ಪೆಟ್ಟಿಗೆ ತೆಗೆದು ಲೆನ್ಸಿನ ಮುಂದೆ ಹಾಕುವ ನಿಮ್ಮ ಆ ಗಾಜಿನ ಫಿಲ್ಟರನ್ನು ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಿ ಹಾಳುಮಾಡಿಬಿಟ್ಟರು. ‘ಮಧ್ಯದಲ್ಲಿ ಇಷ್ಟ್ ದೊಡ್ಡ ಮಸಿ ಕೂತಿತ್ತು ಕಣೇ ಮಿತ್ಸುಯೊ! ಇವ್ನು ಒಂದಿನಾನೂ ಒರೆಸಿಲ್ಲ’ ಅಂದರು. ಆ ಮಸಿಗಾಗಿಯೇ ನೀವು ಅದನ್ನು ಕೊಂಡದ್ದು, ಅಗಲ ಚಿತ್ರ ತೆಗೆಯುವ ಕ್ಯಾಮೆರಾದ ಲೆನ್ಸು ನಡುವಿಗೆ ಬೆಳಕನ್ನು ಸುರಿದು ತುದಿಗಳಿಗೆ ಚಿಮುಕಿಸುತ್ತದೆ, ನಡುವಿನದನ್ನು ತಡೆಯಲೆಂದೇ ಆ ಕಪ್ಪು ಎಂದು ವಿವರಿಸಿದೆ. ಅತ್ತೆ ಆ ಹೊತ್ತು ಊಟ ಮುಟ್ಟಲಿಲ್ಲ. ಪಾಪ ಅನ್ನಿಸಿತು, ಆದರೆ ನನಗೆ ಅಳುವೇ ಬಂದಿತ್ತು. ಪ್ರಿಂಟು ಹಾಕುವ ಫಿಲ್ಮಾದರೆ ಕತ್ತಲಕೋಣೆಯಲ್ಲಿ ತಿದ್ದಬಹುದು, ತೊಳೆದ ಫಿಲ್ಮೇ ಚಿತ್ರವಾಗುವ ಸ್ಲೈಡ್ ಯಾರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ.

ಕೂತಲ್ಲಿ ಕೂರಲಾರದೆ ಮನೆಯೆಲ್ಲ ತಡಕಾಡುವಾಗ, ಫಿಲ್ಟರ್ ಕೊಳ್ಳುವ ಮೊದಲು ನೀವು ಬಳಸುತ್ತಿದ್ದ ಕೊಡೆಯ ಕಡ್ಡಿ ಸಿಕ್ಕಿತು, ತುದಿಗೆ ಕಪ್ಪು ಕಾಗದದ ಬಿಲ್ಲೆ ಅಂಟಿಸಿದ್ದು. ‘ಅಲ್ಲಾಡಿಸ್ತಾನೇ ಇರ್ಬೇಕು, ನಿಂತ್ರೆ ಫಿಲ್ಮಲ್ಲಿ ಕಲೆ ಬೀಳುತ್ತೆ’ ಎನ್ನುತ್ತಿದ್ದಿರಿ. ಬಿಸಿಲಿದ್ದರೆ ಒಂದು ಮಗ್ಗುಲು ಬೆಳ್ಳಗಾಗುತ್ತದೆ ಎಂದು ಮೋಡ ಕವಿದ ಸಂಜೆಗಾಗಿ ಕಾದೆ. ಮೀಟರನ್ನು ನಡುವಿನಲ್ಲೂ ಎರಡೂ ತುದಿಯಲ್ಲೂ ಹಿಡಿದು ಬೆಳಕು ಒಂದೇ ಎಂದು ನೋಡಿಕೊಂಡೆ. ಲೆನ್ಸಿನ ಕಿಂಡಿಯನ್ನು ಆದಷ್ಟೂ ಕಿರಿದು ಮಾಡಿ, ನಾಲ್ಕು ಸೆಕೆಂಡು ತೆರೆದಿಟ್ಟು, ಬಿಲ್ಲೆಯನ್ನು ಲೆನ್ಸಿನ ನಡುವಿನ ಮುಂದೆ ಮೆಲ್ಲಗೆ ಸುತ್ತಿಸಿದೆ.

ಜನ ಅಲ್ಲಾಡದೆ ನಿಲ್ಲಬೇಕಲ್ಲ! ಕ್ಷೌರದಂಗಡಿಯ ಕುನಿಕೊ, ‘ನನ್ನ ಕುರ್ಚೀಲಿ ಕತ್ತಿ ಇಟ್ಟಾಗ ಹೆಂಗ್ ಕೂರ್ತೀರೋ ಹಂಗೇ ಕೂತ್ಕೊಳ್ರಪ್ಪ’ ಎಂದು ಕೂಗಿದ್ದೇ ತಡ, ಎಲ್ಲರೂ ಕಲ್ಲಾದರು. ಹೆಡ್ ಮಾಸ್ಟರ್ ಇವಾಸಾ, ಗೈರುಹಾಜರಾದವರ ಮುಖವನ್ನು ಮೂಲೆಯಲ್ಲಿ ದುಂಡಗೆ ಸೇರಿಸುವ ಪದ್ಧತಿಯಂತೆ ನಿಮ್ಮದನ್ನೂ ಆಮೇಲೆ ಹಾಕಿಸುವ ಪ್ರಿಂಟಿನಲ್ಲಿ ಸೇರಿಸೋಣ ಎಂದರು. ಅತ್ತೆ ಸಿಡಿದರು: ‘ಬದುಕಿರೋ ಮಗನ್ನ ಚಂದ್ರನ ಥರ ಮೂಲೇಲಿ ನೇತಾಕ್ತೀರಾ ಮೇಷ್ಟ್ರೇ? ಅವ್ನು ಬರ್ತಾನೆ, ನೋಡ್ತಾನೆ!’ ಉಳಿದಂತೆ ಎಲ್ಲರೂ ಪ್ರತಿವರ್ಷದ ತಮ್ಮ ತಮ್ಮ ಜಾಗದಲ್ಲೇ ಕೂತರು, ನೀವು ಚಿಂತಿಸಬೇಡಿ.

ಫಿಲ್ಮು ಲ್ಯಾಬಿಗೆ ಹೋಗಿದೆ. ದೋಣಿಯ ಶಿಳ್ಳೆ ಕೇಳಿದಾಗಲೆಲ್ಲ ಕಟ್ಟೆಗೆ ಓಡುತ್ತೇನೆ, ಒಲೆಯ ಮೇಲಿನ ಮೀನು ಸೀಯುತ್ತದೆ. ಗುರುವಾರ ನಿಮ್ಮ ಪಟ್ಟಿ ಬಿಚ್ಚುವ ಹೊತ್ತಿಗೇ ಇಲ್ಲಿ ಶಾಲೆಯ ಬೀಳ್ಕೊಡುಗೆ, ಕ್ಯಾಮೆರಾ ಹಿಡಿಯಲು ನಾನಲ್ಲದೆ ಯಾರಿದ್ದಾರೆ? ಶನಿವಾರ ಖಂಡಿತ ಬರುತ್ತೇನೆ. ಅತ್ತೆ ನಿಮ್ಮ ತಲೆ ನೇವರಿಸಿದೆ ಎಂದು ಬರೆಯಲು ಹೇಳಿದ್ದಾರೆ. ಕಣ್ಣುಜ್ಜಿಕೊಳ್ಳಬೇಡಿ.

ನಿಮ್ಮ
ಮಿತ್ಸುಯೊ

ಮರೆತ ಮಾತು: ಕಾಜಿತಾನಿಯವರೇ, ಇಲ್ಲಿಂದ ಮುಂದೆ ದಯವಿಟ್ಟು ಮನಸ್ಸಿನಲ್ಲೇ ಓದಿಕೊಳ್ಳಿ, ಇವರಿಗೆ ಕೇಳಿಸಬಾರದು. ಪತ್ರ ಮುಗಿಸಿದ ಮೇಲೆ ಸಂಜೆಯ ದೋಣಿಯಲ್ಲಿ ಸ್ಲೈಡ್ ಬಂತು, ಇದರೊಳಗೇ ಇಟ್ಟಿದ್ದೇನೆ. ತುದಿಯಿಂದ ತುದಿಗೆ ಬೆಳಕು ಒಂದೇ ಸಮ ಇದೆ, ದೋಣಿ ಕಟ್ಟೆಯಲ್ಲೇ ಊರೆಲ್ಲ ನೋಡಿ ಆಯಿತು. ಪಟ್ಟಿ ಬಿಚ್ಚಿ ಡಾಕ್ಟರು ನೋಡಬಹುದು ಎಂದಾಗ, ಇವರ ಎಡಗಣ್ಣು ಮುಚ್ಚಿಸಿ ಇದನ್ನು ಕಿಟಕಿಗೆ ಹಿಡಿದು, ನಡುವಿನಲ್ಲೇ ದೃಷ್ಟಿ ಇಡಲು ಹೇಳಿ, ಬಲತುದಿಯಲ್ಲಿ ಯಾರೆಂದು ಕೇಳಿ. ಇಪ್ಪತ್ತು ವರ್ಷದಿಂದ ಅಲ್ಲಿ ಬಿಳಿ ಕೋಟಿನ ಕುನಿಕೊ ಕೂರುತ್ತಿದ್ದಳು, ಇವರಿಗೆ ಬಾಯಿಪಾಠ. ಈ ಸಲ ನಡುವಿನ ಗೌರವದ ಕುರ್ಚಿ ಬಿಟ್ಟು, ಅರವತ್ತು ತುಂಬಿದಾಗ ಇವರೇ ತೊಡಿಸಿದ ಕೆಂಪು ಅಂಗಿ ಹಾಕಿಕೊಂಡು ಅಲ್ಲಿ ಕೂತವರು ಅತ್ತೆ. ‘ಕಾಣದಿದ್ರೂ ಕಾಣ್ತಿದೆ ಅಂತಾನೆ ಕಣೇ ಅವ್ನು, ನಾನು ಹೆತ್ತವಳಲ್ವಾ’ ಅಂದರು. ಇವರು ‘ಅಮ್ಮ’ ಅಂದರೆ ದಯವಿಟ್ಟು ಊರ ಅಂಗಡಿಗೆ ಒಂದು ಫೋನು ಮಾಡಿ. ‘ಕುನಿಕೊ’ ಅಂದರೆ ಮೊದಲು ಡಾಕ್ಟರನ್ನು ಕರೆಯಿರಿ.