ಎದೆಗೆ ಕತ್ತಿ ಸೋಕಿಸಬೇಡಿ

ರೀ,

ಆಸ್ಪತ್ರೆಯ ದುಡ್ಡು ಕಟ್ಟಲು ನಾನು ಮೊದಲ ಬಸ್ಸಿಗೆ ಸಾಂಗಲಿಗೆ ಹೊರಟೆ. ನೀವು ಮಧ್ಯಾಹ್ನ ರಿಕ್ಷಾದಲ್ಲಿ ಸೀದಾ ಆಸ್ಪತ್ರೆಗೆ ಬನ್ನಿ.

ಕ್ಷೌರದ ಕತ್ತಿ ಹುಡುಕಬೇಡಿ, ಅದು ನನ್ನ ಚೀಲದಲ್ಲಿದೆ. ಅಂಗಡಿಯ ಕತ್ತಿಗಳಿಗೆ ನಿಮ್ಮ ತಮ್ಮ ಧೋಂಡಿಬಾ ಬೀಗ ಹಾಕಿದ್ದಾನೆ. ಅಣ್ಣ ಕಾಲಿಗೆ ಬಿದ್ದರೂ ಕೊಡಬೇಡ ಅಂದಿದ್ದೇನೆ.

ಹೋದ ಸಲ ಏನಾಯಿತು, ಮರೆತಿರಾ? "ಊರಿನ ಮದುಮಕ್ಕಳ ಗಡ್ಡ ಹೆರೆದ ಕೈ ಇದು, ಆ ನರ್ಸಮ್ಮ ಬಂದು ನನ್ನ ಎದೆ ಬೋಳಿಸ್ಬೇಕಾ?" ಅಂತ ಬಚ್ಚಲಲ್ಲಿ ಕೂತು ನೀವೇ ಕೆರೆದುಕೊಂಡಿರಿ. ಡಾಕ್ಟರು ಆ ಗೀರುಗಳನ್ನು ನೋಡಿ, "ಇದರಲ್ಲೇ ನಂಜು ಒಳಗೆ ಹೋಗುತ್ತೆ, ಆಮೇಲೆ ಕೊಯ್ದ ಗಾಯ ಕೂಡೋದೇ ಇಲ್ಲ" ಅಂತ ಹೃದಯದ ಆಪರೇಷನ್ನನ್ನೇ ಮುಂದಕ್ಕೆ ಹಾಕಿದರು. ಅವತ್ತಿನಿಂದ ನೀವು ಮಲಗಿದಲ್ಲಿ ಏದುಸಿರು ಬಿಟ್ಟಾಗಲೆಲ್ಲ ನಾನು ಎದ್ದು ಕೂರುತ್ತಿದ್ದೇನೆ.

ಆಸ್ಪತ್ರೆಯವರು ಕೊಟ್ಟ ಔಷಧದ ಸೋಪಿನಲ್ಲೇ ಸ್ನಾನ ಮಾಡಿ. ಪೌಡರು ಬೇಡ, ಪಟಿಕ ಉಜ್ಜುವುದಂತೂ ಬೇಡವೇ ಬೇಡ. ಊಟಕ್ಕೆ ಭಾಕರಿ, ಪಿಠ್ಲ ಮುಚ್ಚಿಟ್ಟಿದ್ದೇನೆ. ಎದೆಯ ಕೂದಲನ್ನು ನಾಳೆ ಆಪರೇಷನ್ನಿಗೆ ಮುಂಚೆ ಅವರೇ ಮೆಷಿನ್ನಿನಲ್ಲಿ ಕತ್ತರಿಸುತ್ತಾರೆ, ಚರ್ಮ ಗೀಚದ ಹಾಗೆ.

ಎದೆ ನರೆತದ್ದು ನರ್ಸಿನ ಕಣ್ಣಿಗೆ ಬೀಳುತ್ತದೆ ಅಂತ ತಾನೇ ನಿಮ್ಮ ನಾಚಿಕೆ? ಬೀಳಲಿ. ಆ ಬಿಳಿ ಕೂದಲು ಹೊಲಿಗೆಯ ಅಕ್ಕಪಕ್ಕ ಮತ್ತೆ ಚುಚ್ಚುವ ಹಾಗೆ ಬೆಳೆಯುವುದನ್ನು ನಾನು ನೋಡಬೇಕು.

ಹೌಸಾ