ಜಾಡಿಗಳಲ್ಲಿ ಮರಳಿದ ಹವಳ

ಹೆರ್ನೆ,
ಮಾರ್ಚ್ ೨೪, ಸೋಮವಾರ

ಪ್ರಿಯ ಡಿಟ್ಮಾರ್,

ನೀನು ಕಳಿಸಿದ ಪೆಟ್ಟಿಗೆ ಶನಿವಾರ ಹವಳ ಸಾಕುವವರ ಕ್ಲಬ್ಬಿನ ಹಾರ್ಟ್‌ಮುಟ್‌ನ ಮನೆಗೆ ತಲುಪಿ, ನಿನ್ನೆ ಭಾನುವಾರ ನನ್ನ ಮನೆಗೆ ಬಂತು. ಅದರ ಮೇಲೆ ಕಳಿಸಿದವರ ಹೆಸರಿರಲಿಲ್ಲ. ಆದರೂ ನೀನೇ ಎಂದು ಗೊತ್ತಾಯಿತು. ಹೇಗೆಂದು ಮುಂದೆ ಬರೆಯುತ್ತೇನೆ. ಒಳಗಿದ್ದ ಹವಳ ಬದುಕಿದೆ. ನೀನು ಅದೊಂದನ್ನು ತಿಳಿಯಲು ಕಾಯುತ್ತಿರಬಹುದು ಎಂದು ಮೊದಲು ಅದನ್ನೇ ಹೇಳಿದೆ.

ಅಕ್ಟೋಬರಿನಲ್ಲಿ ನಮ್ಮ ಮಗ ಹೆನಿಂಗ್‌ನನ್ನು ಮಣ್ಣು ಮಾಡಿದ ದಿನ ನೀನೂ ನಾನೂ ಗುಂಡಿಯ ಎರಡು ಬದಿಗೆ ನಿಂತಿದ್ದೆವು. ಮಾತಾಡಲಿಲ್ಲ. ಆಮೇಲೆ ನೀನು ಎಮ್ಡೆನ್ ರೈಲು ಹತ್ತಿದೆ, ನಾನು ಮನೆಗೆ ಬಂದು ಮೀನಿಗೆ ಊಟ ಹಾಕಿದೆ. ಆ ದಿನ ಅದಲ್ಲದೆ ಬೇರೆ ಕೆಲಸ ನನಗೆ ತೋಚಲಿಲ್ಲ.

ಅವನ ಸಮುದ್ರದ ತೊಟ್ಟಿ ನನ್ನ ನಡುಮನೆಯಲ್ಲಿ ಯಾಕಿದೆ ಎಂಬುದು ನಿನಗೆ ಗೊತ್ತಿರಬಹುದು. ಅವನ ಮನೆ ಮೂರನೇ ಮಹಡಿ. ಅಷ್ಟು ನೀರಿನ ಭಾರ ಆ ನೆಲ ತಾಳದು ಎಂದು ಮಾಲೀಕ ಒಪ್ಪಲಿಲ್ಲ. ಹಾಗಾಗಿ ತೊಟ್ಟಿ ಇಲ್ಲಿಗೆ ಬಂತು, ತೊಟ್ಟಿಯ ಹಿಂದೆ ಅವನೂ ಬಂದ. ದಿನವೂ ಕೆಲಸ ಮುಗಿಸಿ ನೇರ ಇಲ್ಲಿಗೆ. ಬೂಟನ್ನೂ ಬಿಚ್ಚದೆ ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. “ಮೀನಿನ ಮುಖ ನೋಡೋಕೆ ಬರ್ತೀಯೋ, ನನ್ನ ಮುಖ ನೋಡೋಕೋ?” ಎಂದು ನಾನು ರೇಗಿದರೆ, “ಮೀನು ಬೈಯಲ್ಲಮ್ಮ” ಎನ್ನುತ್ತಿದ್ದ. ಬೈಯುತ್ತಲೇ ಎರಡು ತಟ್ಟೆ ಇಡುತ್ತಿದ್ದೆ. ಈ ತೊಟ್ಟಿಯನ್ನು ಬಿಚ್ಚಿ ಹಂಚಿಬಿಡು ಎಂದು ನನ್ನ ಅಕ್ಕ ಎರಡು ಸಲ ಫೋನು ಮಾಡಿದಳು. ಅವಳ ಮಾತು ತಪ್ಪಲ್ಲ. ಆದರೆ ಅದನ್ನು ಬಿಚ್ಚಿದರೆ ಸಂಜೆ ಐದರ ಹೊತ್ತಿಗೆ ಈ ಮನೆಯಲ್ಲಿ ಏನೂ ನಡೆಯುವುದಿಲ್ಲ. ಅದನ್ನು ಉಳಿಸಿಕೊಳ್ಳಬೇಕು ಎಂಬುದೊಂದೇ ಈ ಚಳಿಗಾಲದಲ್ಲಿ ನನಗೆ ಬೇಕಾಗಿದ್ದದ್ದು.

ಉಳಿಸಿಕೊಳ್ಳಲಿಲ್ಲ. ಕೊಂದೆ. ಅದನ್ನೂ ನೇರವಾಗಿಯೇ ಬರೆಯುತ್ತೇನೆ.

ನೆಲಮಾಳಿಗೆಯಲ್ಲಿ ಎರಡು ಕ್ಯಾನುಗಳಿವೆ. ನೀಲಿಯದರಲ್ಲಿ ಉಪ್ಪು ಬೆರೆಸಿದ ನೀರು. ಶನಿವಾರ ಶನಿವಾರ ತೊಟ್ಟಿಯ ಒಂದಿಷ್ಟು ನೀರು ತೆಗೆದು ಇದನ್ನು ಹಾಕಬೇಕು. ಬಿಳಿಯದರಲ್ಲಿ ಶುದ್ಧ ಮಾಡಿದ ಸಪ್ಪೆ ನೀರು. ದಿನವೂ ಆವಿಯಾಗಿ ಹೋದಷ್ಟನ್ನು ಬಿಳಿ ಕ್ಯಾನಿನಿಂದ ತಾನಾಗಿ ತುಂಬುವ ಪುಟ್ಟ ಪಂಪು ಒಂದಿತ್ತು. ಕ್ರಿಸ್‌ಮಸ್ ಕಳೆದ ಮೇಲೆ ಅದು ನಿಂತಿತು. ಹಬ್ಬದ ದಿನಗಳಲ್ಲಿ ಯಾರನ್ನು ಕರೆಯುವುದು ಎಂದು ನಾನೇ ಜಗ್ಗಿನಲ್ಲಿ ತುಂಬತೊಡಗಿದೆ. ಕಡಿಮೆಯಾಗಿದ್ದು ಸಮುದ್ರದ ನೀರು, ಹಾಗಾದರೆ ಹಾಕಬೇಕಾದದ್ದೂ ಸಮುದ್ರದ ನೀರೇ ಎಂದುಕೊಂಡು ನೀಲಿ ಕ್ಯಾನಿನಿಂದ ಹಾಕಿದೆ. ದಿನವೂ ಹಾಕಿದೆ.

ಮನೆಯಲ್ಲಿ ಸಮುದ್ರ ಸಾಕುವವರು ಮಾತ್ರ ಮಾಡಬಲ್ಲ ತಪ್ಪು ಇದು. ನೀರು ಹಾರಿಹೋಗುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಲಾಂಡ್ರಿಯಲ್ಲಿ ಅಷ್ಟು ವರ್ಷ ಇಸ್ತ್ರಿ ಮಾಡಿದವಳಿಗೆ ಇದು ತಿಳಿಯಬೇಕಿತ್ತು. ಹಬೆಯೆಲ್ಲ ಹೋದ ಮೇಲೆ ಇಸ್ತ್ರಿಪೆಟ್ಟಿಗೆಯ ಹೊಟ್ಟೆಯಲ್ಲಿ ಕಟ್ಟಿಕೊಂಡ ಸುಣ್ಣವನ್ನು ಕೆರೆದು ತೆಗೆದವಳು ನಾನೇ ಅಲ್ಲವೇ?

ಹವಳಗಳು ಸ್ವಲ್ಪಸ್ವಲ್ಪವಾಗಿ ಮುಚ್ಚಿಕೊಂಡವು. ಮೊದಲು ಮೆತ್ತನೆಯವು ಮುದುಡಿದವು. ಆಮೇಲೆ ಮಧ್ಯದ ದೊಡ್ಡ ಹಸಿರು ಕವಲು ಹವಳ, ಕ್ಲಬ್ಬಿನಲ್ಲಿ ಎಲ್ಲರೂ ‘ಹೆನಿಂಗ್ ಹಸಿರು’ ಎನ್ನುವುದು, ತನ್ನ ಸಣ್ಣ ಸಣ್ಣ ಬೆರಳುಗಳನ್ನು ಒಳಗೆಳೆದುಕೊಂಡಿತು. ನಾನು ಏನೆಂದುಕೊಂಡೆ ಗೊತ್ತೇ? ಅವನು ಹೋದದ್ದು ಅವಕ್ಕೂ ತಿಳಿದಿದೆ ಎಂದುಕೊಂಡೆ. ಅವುಗಳ ಪಾಡಿಗೆ ಅವು ಇರಲಿ ಎಂದು ದೀಪವನ್ನೂ ಕಡಿಮೆ ಮಾಡಿದೆ. ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ. ನಾನೊಬ್ಬಳೇ ಅಲ್ಲ ಎನ್ನಿಸುತ್ತಿತ್ತು. ಆ ದಿನಗಳು ನನಗೆ ಹಿತವಾಗಿದ್ದವು ಎಂದರೆ ನೀನು ನಂಬುವೆಯೋ ಇಲ್ಲವೋ.

ಜನವರಿಯ ಕೊನೆಗೆ ಹಾರ್ಟ್‌ಮುಟ್ ಬಂದ. ಕ್ಲಬ್ಬಿಗೆ ಈಗ ಅವನೇ ಅಧ್ಯಕ್ಷ. ಟ್ರಾಮ್ ಓಡಿಸುತ್ತಿದ್ದಾಗಿನ ಗಂಟಲು ಹಾಗೆಯೇ ಇದೆ, ಬಾಗಿಲಲ್ಲೇ ಕೂಗಿಕೊಂಡು ಬರುತ್ತಾನೆ. ತೊಟ್ಟಿ ನೋಡಿದವನು ದನಿ ಇಳಿಸಿದ. ಉಪ್ಪಳೆಯುವ ಗಾಜಿನ ಕೊಳವೆಯನ್ನು ನೀರಿಗೆ ಬಿಟ್ಟ. ಅದು ಗೆರೆಗಳನ್ನೆಲ್ಲ ದಾಟಿ ಮೇಲೆದ್ದು ತೇಲಿತು.

“ಏನೇ ಗೆರ್ಲಿಂಡೆ, ಇದ್ರಲ್ಲಿ ಆಲೂಗಡ್ಡೆ ಬೇಯ್ಸಿದ್ರೆ ಮತ್ತೆ ಉಪ್ಪು ಹಾಕೋದೇ ಬೇಡ! ಎಲ್ಲಿಂದ ತುಂಬಿದ್ದೆ?”

ನೀಲಿ ಕ್ಯಾನು ತೋರಿಸಿದೆ. ಅವನು ಬೈಯಲಿಲ್ಲ. ಟೋಪಿ ತೆಗೆದು ಸೋಫಾದ ಮೇಲೆ ಕೂತ. “ನನ್ನ ಮೊದಲನೇ ತೊಟ್ಟೀನ ನಾನೂ ಹಿಂಗೇ ಉಪ್ಪಿನಕಾಯಿ ಹಾಕಿದ್ದೆ. ಆದ್ರೆ ನನಗೆ ಆಗ ಹತ್ತೊಂಬತ್ತು ವರ್ಷ” ಎಂದ. ನನಗೆ ನಗು ಬಂತು. ಮಗ ಹೋದ ಮೇಲೆ ಅದೇ ಮೊದಲ ಸಲ. ನಗುತ್ತಲೇ ಅತ್ತೆ. ಅವು ದುಃಖ ಪಡುತ್ತಿವೆ ಎಂದುಕೊಂಡಿದ್ದೆ ಎಂದು ಅವನಿಗೆ ಹೇಳಲಿಲ್ಲ. ನಿನಗೊಬ್ಬನಿಗೇ ಹೇಳಿದ್ದು.

ಉಪ್ಪನ್ನು ಒಂದೇ ದಿನಕ್ಕೆ ಇಳಿಸುವಂತಿಲ್ಲವಂತೆ. ಹಾಗೆ ಮಾಡಿದರೆ ಉಳಿದ ಮೀನುಗಳೂ ಹೋಗುತ್ತವೆ. ಬೆಳಿಗ್ಗೆ ಒಂದು ಜಗ್ಗು ತೆಗೆದು ಒಂದು ಜಗ್ಗು ಸಪ್ಪೆ ನೀರು, ಸಂಜೆ ಮತ್ತೊಂದು. ಹೀಗೆ ಬಹಳ ದಿನ ನಡೆಯಿತು. ಪಟ್ಟೆಪಟ್ಟೆಯ ಕ್ಲೌನ್ ಮೀನುಗಳು ಉಳಿದವು. ಅದು ಹೇಗೋ ಸೀಗಡಿಯೂ ಉಳಿಯಿತು. ಗಾಜು ಒರೆಸಲು ಕೈ ಇಳಿಸಿದರೆ ಓಡಿಬಂದು ನನ್ನ ಉಗುರಿನ ಸಂದಿಯನ್ನೆಲ್ಲ ಶುಚಿ ಮಾಡುತ್ತದೆ, ದುಡ್ಡು ಕೇಳದ ಸಲೂನು. ಆದರೆ ಹೆನಿಂಗ್ ಹಸಿರು ಬುಡದಿಂದ ತುದಿಯವರೆಗೆ ಬಿಳಿಚಿತು. ಚರ್ಮ ಸುಲಿದು ಬರೀ ಮೂಳೆ ನಿಂತಿತು. ಅದನ್ನು ತೆಗೆದು ಎಸೆಯಲು ನನ್ನ ಕೈ ಬರಲಿಲ್ಲ.

ಮೂಲೆಯ ಗೂಡಂಗಡಿಯನ್ನು ಈಗ ಸೆವ್ಗಿ ಎನ್ನುವವಳು ನಡೆಸುತ್ತಾಳೆ. ನೀನು ಹೋದ ಮೇಲೆ ಬಂದವಳು. ಅವಳ ಅಂಗಡಿಯಲ್ಲೂ ಬಿಯರ್ ಬಾಟಲಿಗಳ ಪಕ್ಕ ಒಂದು ಪುಟ್ಟ ತೊಟ್ಟಿ ಇದೆ, ಹೆನಿಂಗ್ ಇಟ್ಟುಕೊಟ್ಟದ್ದು. ಅವಳಿಗೆ ನಾನು ‘ತೈಜೆ’, ಅವರ ಟರ್ಕಿ ಭಾಷೆಯಲ್ಲಿ ಚಿಕ್ಕಮ್ಮ. ಫೆಬ್ರವರಿಯಲ್ಲಿ ಒಂದು ದಿನ ಬ್ರೆಡ್ಡು ಕೊಡುತ್ತಾ ಕೇಳಿದಳು: “ತೈಜೆ, ಉಪ್ಪು ಸರಿ ಹೋಯ್ತಾ? ಹೋಗಿದ್ರೆ ಹೇಳು. ನಿನ್ನ ಹವಳ ನನ್ನ ಹತ್ರ ಇದೆ.”

“ಯಾವ ಹವಳ?” ಎಂದೆ.

“ಅಯ್ಯೋ, ನಿನಗೆ ಗೊತ್ತಿಲ್ವಾ? ಹೆನಿಂಗ್ ಹೇಳಿಲ್ವಾ?”

ಹೇಳಿರಲಿಲ್ಲ, ಅಥವಾ ಹೇಳಿದಾಗ ನಾನು ಒಲೆಯ ಮುಂದಿದ್ದೆ. ಕ್ಲಬ್ಬಿನವರಲ್ಲಿ ಒಂದು ಪದ್ಧತಿಯಿದೆಯಂತೆ. ತನ್ನ ಹವಳ ಚೆನ್ನಾಗಿ ಬೆಳೆದಾಗ ಒಂದೊಂದು ಕವಲನ್ನು ಮುರಿದು ಕ್ಲಬ್ಬಿನವರಿಗೆ ಕೊಡಬೇಕು. ಮಾರುವ ಹಾಗಿಲ್ಲ. ಕೊಟ್ಟವರ ತೊಟ್ಟಿ ಎಂದಾದರೂ ಸತ್ತರೆ, ಪಡೆದವರು ತಮ್ಮಲ್ಲಿ ಬೆಳೆದದ್ದನ್ನು ಮುರಿದು ಮರಳಿಸಬೇಕು. ಹಾಗಾಗಿ ಯಾರು ಹೆಚ್ಚು ಕೊಟ್ಟಿರುತ್ತಾರೋ ಅವರದು ಹೆಚ್ಚು ಭದ್ರ. ನಮ್ಮ ಹುಡುಗ ಸಿಕ್ಕಸಿಕ್ಕವರಿಗೆಲ್ಲ ಕೊಟ್ಟಿದ್ದ. ಚಿಕ್ಕಂದಿನಲ್ಲಿ ತನ್ನ ಚಾಕಲೇಟನ್ನು ಯಾರಿಗೂ ಮುಟ್ಟಿಸದವನು.

ನೀರಿನ ಉಪ್ಪು ಹದಕ್ಕೆ ಬಂದು ನಿಲ್ಲಲಿ ಎಂದು ಹಾರ್ಟ್‌ಮುಟ್ ಮಾರ್ಚಿನವರೆಗೂ ಕಾಯಿಸಿದ. ಮರಳಿಸುವ ಮುಂಚೆ ಅವನು ಒಂದು ಮಾತು ಕೇಳಲೇಬೇಕಿತ್ತು, ಅದೂ ಅವರ ಪದ್ಧತಿಯೇ. ಪ್ರತಿ ತೊಟ್ಟಿಗೂ ಎರಡನೇ ಕೈ ಒಂದಿರಬೇಕು. ಸಾಕುವವರು ಹಾಸಿಗೆ ಹಿಡಿದರೆ, ಊರಿಗೆ ಹೋದರೆ, ಕೀಲಿ ತೆಗೆದು ಬಂದು ನೋಡಿಕೊಳ್ಳುವವರು. ಹೆನಿಂಗ್‌ಗೆ ನಾನಿದ್ದೆ. “ನಿನಗ್ಯಾರು?” ಎಂದ. ಸೆವ್ಗಿ ಒಪ್ಪುತ್ತಿದ್ದಳೇನೋ, ಆದರೆ ಅವಳು ರಾತ್ರಿಯವರೆಗೂ ಅಂಗಡಿ ಬಿಡುವ ಹಾಗಿಲ್ಲ. ನಾನು ಅವನಿಗೆ ಒಂದು ಉತ್ತರ ಕೊಟ್ಟೆ. ಅವನು ಒಪ್ಪಿಕೊಂಡ.

ನಿನ್ನೆ ಎಲ್ಲರೂ ಬಂದರು. ನಾನು ಸೇಬಿನ ಕೇಕು ಮಾಡಿದ್ದೆ, ಎರಡು ಸಲ ಕಾಫಿ ಇಳಿಸಬೇಕಾಯಿತು. ಸೆವ್ಗಿ ಸೌತೆಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಸ್ಕಾರ್ಫಿನಲ್ಲಿ ಸುತ್ತಿ ಎದೆಗವಚಿಕೊಂಡು ಬಂದಳು, ಜಾಡಿಯೊಳಗೆ ಹೆಬ್ಬೆರಳಿನಷ್ಟು ಹಸಿರು. ಹಾರ್ಟ್‌ಮುಟ್ ಥರ್ಮಾಸ್ ಫ್ಲಾಸ್ಕು ತಂದು ಮೇಜಿನ ಮೇಲಿಟ್ಟು, “ಸೂಪು ಅಂತ ಯಾರೂ ಕುಡಿದುಬಿಡ್ಬೇಡ್ರಪ್ಪಾ” ಎಂದು ಕೂಗಿದ. ನಾನು ಹೆಸರೂ ಕೇಳಿರದ ಒಬ್ಬಾಕೆ ಡಾರ್ಟ್‌ಮುಂಡಿನಿಂದ ಬಂದಿದ್ದಳು. ಬಂದವರೆಲ್ಲ ಬೂಟು ಬಿಚ್ಚಿ ಬಾಗಿಲಲ್ಲಿ ಸಾಲಾಗಿ ಇಟ್ಟಿದ್ದರು. ಕವಲುಗಳನ್ನು ಎಲ್ಲಿ ಕೂರಿಸುವುದು ಎಂದು ವಾದವಾಯಿತು. ಕೊನೆಗೆ ಆ ಬಿಳಿ ಮೂಳೆಯ ಮೇಲೆಯೇ ಅಂಟಿಸಿದರು. ಅದೇ ಒಳ್ಳೆಯ ನೆಲೆಯಂತೆ. ಹೊಸ ಚರ್ಮ ಇಳಿದು ಬಂದು ಹಳೆಯದನ್ನು ಮುಚ್ಚುತ್ತದಂತೆ.

ಎಲ್ಲ ಮುಗಿದ ಮೇಲೆ ಹಾರ್ಟ್‌ಮುಟ್ ಕಾರಿನಿಂದ ನಿನ್ನ ಪೆಟ್ಟಿಗೆ ತಂದ. ತೆರೆದಾಗ ಎಲ್ಲರೂ ಎದ್ದು ಬಂದು ಬಗ್ಗಿ ನೋಡಿದರು. ಮುಷ್ಟಿಯಷ್ಟು ದಪ್ಪ, ತುದಿಯೆಲ್ಲ ಹೊಸ ಬೆಳವಣಿಗೆ, ಒಂದು ಕಡೆಯೂ ಮುಕ್ಕಾಗಿಲ್ಲ. ಚೀಲದ ಸುತ್ತ ಪತ್ರಿಕೆ, ಅದರ ಸುತ್ತ ಬಿಸಿಪೊಟ್ಟಣ, ಅದರ ಸುತ್ತ ಗಣಿಯಲ್ಲಿ ನೀನು ಊಟದ ಡಬ್ಬಿಗೆ ಸುತ್ತುತ್ತಿದ್ದಂತೆ ಬಟ್ಟೆಯ ಗಂಟು. ಆ ಗಂಟನ್ನು ನಾನು ಇಪ್ಪತ್ತು ವರ್ಷ ಬಿಚ್ಚಿದ್ದೇನೆ, ಡಿಟ್ಮಾರ್.

“ಎಮ್ಡೆನ್‌ನಲ್ಲಿ ಇವನಿಗೆ ತೊಟ್ಟಿ ಯಾವಾಗಿಂದ?” ಎಂದು ಕೇಳಿದೆ.

ಹಾರ್ಟ್‌ಮುಟ್ ಕೇಕಿನ ತಟ್ಟೆಯನ್ನೇ ನೋಡಿದ. “ಏಳೆಂಟು ವರ್ಷ ಆಯ್ತು. ಹೆನಿಂಗೇ ಹೋಗಿ ಕಟ್ಟಿಕೊಟ್ಟ. ನಿನಗೆ ತಾನೇ ಹೇಳ್ತೀನಿ, ಸಮಯ ನೋಡಿ ಹೇಳ್ತೀನಿ ಅಂತಿದ್ದ.”

ಕ್ಲಬ್ಬಿನ ಪ್ರವಾಸ ಎಂದು ಬಕೆಟ್ಟು ಹಿಡಿದು ಹೋಗುತ್ತಿದ್ದವನು ನಿನ್ನ ಹತ್ತಿರ ಬರುತ್ತಿದ್ದ. ನಾನು ಬ್ರೆಡ್ಡಿಗೆ ಬೆಣ್ಣೆ ಸವರಿ ಕಟ್ಟಿಕೊಡುತ್ತಿದ್ದೆ. ಅದರಲ್ಲಿ ಅರ್ಧ ನೀನು ತಿಂದಿರಬೇಕು.

ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ನಿನ್ನೆ ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುತ್ತಾ ಬಹಳ ಹೊತ್ತು ಸಿಟ್ಟಾಗಿದ್ದೆ. ಮೊದಲು ಅವನ ಮೇಲೆ, ಆಮೇಲೆ ನಿನ್ನ ಮೇಲೆ. ಗಣಿ ಮುಚ್ಚಿದ ವರ್ಷ ಆರು ತಿಂಗಳು ಬಂದರಿನ ಕೆಲಸ ಎಂದು ಎಮ್ಡೆನ್‌ಗೆ ಹೋದವನು ನೀನು. ನೀನು ಬರಲಿಲ್ಲ, ನಾನೂ ಬರಲಿಲ್ಲ. ಯಾರೂ ಜಗಳವಾಡಲಿಲ್ಲ, ಅದಕ್ಕೇ ಯಾರೂ ರಾಜಿಯಾಗಲೂ ಇಲ್ಲ. ನಮ್ಮಿಬ್ಬರ ನಡುವೆ ಅವನೊಬ್ಬ ಬಕೆಟ್ಟು ಹಿಡಿದುಕೊಂಡು ಓಡಾಡುತ್ತಿದ್ದ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ನಿನ್ನ ಹವಳ ಬೆರಳುಗಳನ್ನು ಹೊರಗೆ ಚಾಚಿತ್ತು. ಉಳಿದವು ಇನ್ನೂ ಮುಚ್ಚಿಕೊಂಡಿವೆ; ಎರಡು ಮೂರು ದಿನ ಹಾಗೆಯೇ ಇರುತ್ತವೆ, ಗಾಬರಿ ಬೇಡ ಎಂದು ಸೆವ್ಗಿ ಹೇಳಿದ್ದಾಳೆ. ಈ ಸಲ ಅವುಗಳ ಮನಸ್ಸಿನಲ್ಲಿ ಏನಿದೆ ಎಂದು ನಾನು ಊಹಿಸಲು ಹೋಗಿಲ್ಲ. ಉಪ್ಪು ಅಳೆದೆ. ಸರಿಯಾಗಿದೆ. ಪಂಪು ರಿಪೇರಿಯಾಗಿದೆ, ಬಿಳಿ ಕ್ಯಾನಿನ ಮೇಲೆ ದೊಡ್ಡದಾಗಿ ‘ಸಪ್ಪೆ’ ಎಂದು ಬರೆದಿದ್ದೇನೆ.

ಪೆಟ್ಟಿಗೆಯನ್ನೂ ಬಟ್ಟೆಯನ್ನೂ ತೊಳೆದು ಒಣಗಲು ಇಟ್ಟಿದ್ದೇನೆ. ನಿನ್ನ ಮೊಣಕಾಲು ಈಗ ಹೇಗಿದೆ? ಸ್ಮಶಾನದಲ್ಲಿ ಕುಂಟುತ್ತಿದ್ದೆ, ನೋಡಿದೆ. ಅಂದು ಕೇಳಬೇಕಿತ್ತು.

ಇಂತಿ,
ಗೆರ್ಲಿಂಡೆ

ಮರೆತ ಮಾತು: ಎರಡನೇ ಕೈ ಯಾರು ಎಂದು ಹಾರ್ಟ್‌ಮುಟ್ ಕೇಳಿದಾಗ ನಾನು ಕೊಟ್ಟ ಉತ್ತರವನ್ನು ಮೇಲೆ ಬರೆಯಲಿಲ್ಲ. ನಿನ್ನ ಹೆಸರು ಹೇಳಿದೆ. ಆಗ ನಿನ್ನ ತೊಟ್ಟಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಬೇರೆ ಯಾರ ಹೆಸರೂ ಬಾಯಿಗೆ ಬರಲಿಲ್ಲ, ಅಷ್ಟೇ. “ಅವನು ಎಮ್ಡೆನ್‌ನಿಂದ ರೈಲು ಹತ್ತಿ ಬಂದು ನಿನ್ನ ಗಾಜು ಒರೆಸ್ತಾನಾ? ಅವನನ್ನ ಕೇಳಿದ್ದೀಯಾ?” ಎಂದ. ಕೇಳಿದ್ದೇನೆ, ಒಪ್ಪಿದ್ದಾನೆ ಎಂದುಬಿಟ್ಟೆ. ಆದ್ದರಿಂದ ಈಗ ಕೇಳುತ್ತಿದ್ದೇನೆ.